ಕಾಳಿಲ್ಲದ ಕಾವಲು

"ಇದೂ ಹಾಗೇ," ಎಂದು ಅವಳು ಮೆಕ್ಕೆಜೋಳದ ತೆನೆ ಸುಲಿದು ಗಂಡನ ಮುಂದೆ ಹಿಡಿದಳು. ದಿಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು, ಮುದುಕಿಯ ಬಾಯಲ್ಲಿ ಉಳಿದ ಹಲ್ಲಿನ ಹಾಗೆ. ಅವನು ಕೈ ಚಾಚಲಿಲ್ಲ.

ಹೊರಗಿನಿಂದ ನೋಡಿದರೆ ದೃಷ್ಟಿ ತಾಗುವಂಥ ಹೊಲ. ಆಳೆತ್ತರದ ಗಿಡ, ಕಡುಹಸಿರು ಗರಿ. ನೀರಿಗೂ ಕೊರತೆ ಇರಲಿಲ್ಲ. ಆದರೆ ಸರಿಯಾಗಿ ಹೂವಾಡುವ ಹೊತ್ತಿಗೆ ಬಿಸಿಗಾಳಿ ಬೀಸಿ, ಪರಾಗವೆಲ್ಲ ಗಿಡದ ತುದಿಯಲ್ಲೇ ಹುರಿದುಹೋಯಿತು. ಹೋದ ವರ್ಷ ತಡವಾಗಿ ಬಿತ್ತಿ ನೋಡಿದ್ದರು, ಈ ಸಲ ಬೇಗ ಬಿತ್ತಿ ನೋಡಿದರು. ಎರಡು ಸಲವೂ ಸೆಕೆ ಹುಡುಕಿಕೊಂಡು ಬಂತು.

ಹಸಿ ಮೇವಿಗಾದರೂ ಆಗಲಿ ಎಂದು ಡೈರಿಯವನು ಕಟಾವು ಯಂತ್ರ ಕಳಿಸಿದ್ದ. ಅದು ಬದುವಿನ ಪಕ್ಕ ಬಂದು ನಿಂತಿತ್ತು. ಹೊಲದ ನಡುವೆ, ಅಟ್ಟಣೆಯ ಮೇಲೆ, ಮಾವ ಕೂತಿದ್ದರು. ತೆನೆ ಮೂಡಿದಾಗಿನಿಂದ ಬೆಳಗಾಗುವುದೇ ತಡ, ತಗಡಿನ ಡಬ್ಬ ಹಿಡಿದು ಅಲ್ಲಿ ಹತ್ತುತ್ತಿದ್ದರು. ಗಿಳಿ ಓಡಿಸಲು ಇಡೀ ದಿನ ಬಡಿಯುತ್ತಿದ್ದರು. ಕಾಳು ಕಟ್ಟಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ನೀನೇ ಹೇಳು," ಎಂದ ಗಂಡ. "ನಾನು ಬಾಯಿ ತೆಗೆದ್ರೆ ಜಗಳ ಆಗುತ್ತೆ. ನಿನ್ನ ಮಾತಾದ್ರೆ ಅಪ್ಪ ಕೇಳ್ತಾರೆ."

"ಬೆಕ್ಕಿಗೆ ಗಂಟೆ ಕಟ್ಟೋಕೆ ಯಾವಾಗಲೂ ನಾನೇ ಆಗ್ಬೇಕು."

ಏಣಿ ಹತ್ತಿ ಬಂದ ಸೊಸೆಗೆ ಮಾವ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮೇಲೂ ಗಾಳಿ ಒಲೆಯ ಬಾಯಿಂದ ಬಂದ ಹಾಗೇ ಇತ್ತು.

"ಮಾವ, ಮೆಷಿನ್ ಬಂದಿದೆ. ಇಳೀರಿ."

"ಕಾಣ್ತಿದೆ. ನನಗೇನು ಕಣ್ಣಿಲ್ವಾ?"

"ತೆನೇಲಿ..."

"ಗೊತ್ತಮ್ಮ. ಕಾಳು ಹಾಲು ತುಂಬಿದ್ರೆ ಗಿಳಿ ಹಿಂಡುಹಿಂಡಾಗಿ ಬೀಳ್ಬೇಕಿತ್ತು. ಒಂದೂ ಬರ್ಲಿಲ್ಲ. ಅವಕ್ಕೆ ಬೇರೆ ಯಾರಾದ್ರೂ ಹೇಳ್ಬೇಕಾ?"

ಅವಳು ಡಬ್ಬದ ಕಡೆ ನೋಡಿದಳು. ಅದರ ತಳ ಪೂರ್ತಿ ನೆಗ್ಗಿತ್ತು. "ಮತ್ತೆ ದಿನಾ ಬಡೀತಿದ್ರಲ್ಲ? ಮನೆವರೆಗೂ ಕೇಳಿಸ್ತಿತ್ತು."

"ಕೇಳಿಸ್ಲಿ ಅಂತಾನೇ ಬಡೀತಿದ್ದೆ." ಮಾವ ಹೆಗಲು ಒತ್ತಿಕೊಂಡರು. "ನಿನ್ನ ಗಂಡ ಇನ್ನೂ ತೆನೆ ಸುಲಿದು ನೋಡಿಲ್ಲ ಅಂದ್ಕೊಂಡೆ. ಸದ್ದು ನಿಂತ್ರೆ ಎದೆ ಒಡ್ಕೋತಾನೆ ಅಂತ."

ಅವಳಿಗೆ ನಗು ಬಂತು, ಪೂರ್ತಿ ಬರಲಿಲ್ಲ. "ಅವರೂ ನಿಮ್ಮ ಬಗ್ಗೆ ಹಾಗೇ ಅಂದ್ಕೊಂಡಿದ್ರು."

"ಸರಿಹೋಯ್ತು ಬಿಡು," ಎಂದು ಮಾವ ಏಣಿಗೆ ಕಾಲಿಟ್ಟರು.

ಕೆಳಗೆ ಬಂದು, ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆಂದು ಬದುವಿನ ಮೇಲೆ ಒರಗಿದರು. ಯಂತ್ರ ಹೊರಟಿತು. ನಿಂತ ಬೆಳೆ ಸಾಲುಸಾಲಾಗಿ ಒಳಗೆ ಹೋಗಿ, ಚೂರಾಗಿ, ಹಿಂದಿನ ಗಾಡಿಗೆ ಬೀಳತೊಡಗಿತು. ಹಸಿ ದಂಟಿನ ಸಿಹಿ ವಾಸನೆ ಎದ್ದಿತು.

ಗಂಡ ಚೊಂಬಿನಲ್ಲಿ ನೀರು ತಂದು, "ಅಪ್ಪ," ಎಂದ. ಮತ್ತೆ ಕರೆಯಲಿಲ್ಲ. ಅಷ್ಟು ಸದ್ದಿನ ನಡುವೆಯೂ ಅವರು ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಬಿಸಿಲು ಮುಖಕ್ಕೇ ಬೀಳುತ್ತಿತ್ತು. ಚೊಂಬು ಕೈಯಲ್ಲಿ ಹಿಡಿದೇ ಅವನು ಒಂದು ಹೆಜ್ಜೆ ಸರಿದು, ತನ್ನ ನೆರಳು ಅವರ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಂಡ.