ಲವಿಟಾಳ ಮೊಣಕಾಲು ಮತ್ತು ಎರಡನೇ ಪುಟ

ಗಲ್ಫಿನ ರಿಗ್ಗೈ ಬಡಾವಣೆಯ ಬರ್ನಾರ್ಡರಿಗೆ ಮಗಳೆಂದರೆ ಪಂಚಪ್ರಾಣ. ಲವಿಟಾ ವಾಲಿಬಾಲ್ ಆಡಿಯೇ ಅಲ್ಲಿನ ಕಾಲೇಜೊಂದರ ಸ್ಕಾಲರ್‌ಶಿಪ್ ಗಿಟ್ಟಿಸಿದವಳು. ಅದಿಲ್ಲದಿದ್ದರೆ ಸಬ್ಹಾನ್ ಪ್ರದೇಶದ ಗೋದಾಮಿನಲ್ಲಿ ದುಡಿಯುವ ಅಪ್ಪನಿಗೆ ಆ ಕಾಲೇಜು ದೂರದ ಮಾತು. ಅಂಥ ಹುಡುಗಿ ಪ್ರಾಕ್ಟೀಸಿನಲ್ಲಿ ಬಿದ್ದಳು. ಮೊಣಕಾಲು ಬಾತುಕೊಂಡಿತು.

"ಕೋಚಿಗೆ ಹೇಳ್ಬೇಡ," ಎಂದರು ಬರ್ನಾರ್ಡ್. "ಬಾಮ್ ಹಚ್ಚಿ ಶುಕ್ರವಾರದ ಮ್ಯಾಚ್ ಆಡಿಬಿಡು."

"ಓಕೆ, ಡ್ಯಾಡಿ," ಎಂದಳು ಮಗಳು, ಹಲ್ಲು ಕಚ್ಚಿ.

ತಪ್ಪು ಅವರೊಬ್ಬರದೇ ಅಲ್ಲ. ಕಾಯಿಲೆ ಗೊತ್ತಾದರೆ ಕೆಲಸ ಕೊಟ್ಟ ಕಫೀಲ್ ನಮ್ಮ ವಾಸದ ಪರವಾನಗಿ ಇಕಾಮಾವನ್ನೇ ರದ್ದು ಮಾಡಿಯಾನು ಎಂದು ಹೆದರಿ ಹೆದರಿ, ನೋವು ನುಂಗುವುದೇ ಜಾಣತನ ಎಂದುಕೊಂಡ ಜನ ನಾವು.

ಪಕ್ಕದ ಫ್ಲ್ಯಾಟಿನ ನರ್ಸ್ ಆಶಾಲತಾ, ಲವಿಟಾ ಕುಂಟುತ್ತಾ ಮೆಟ್ಟಿಲು ಹತ್ತುವುದನ್ನು ಕಂಡು ಸೀದಾ ಒಳಗೆ ಬಂದರು.

"ಎಂತ ಬರ್ನಾರ್ಡಣ್ಣ, ಕಾಲು ಹೀಗುಂಟು, ಸುಮ್ಮನೆ ಕೂತಿದ್ದೀರಲ್ಲ?"

"ಬಾಯಿ ಬಿಟ್ಟರೆ ಸ್ಕಾಲರ್‌ಶಿಪ್ ಖಲಾಸ್, ಸಿಸ್ಟರ್!"

"ಯಾರು ಹೇಳಿದ್ದು? ಸ್ಕಾಲರ್‌ಶಿಪ್ಪಿನ ಕಾಗದದಲ್ಲಿ ಉಂಟಾ?"

ಕಾಗದದ ಮೊದಲ ಪುಟ ಫ್ರೇಮಿನೊಳಗೆ, ಯೇಸುವಿನ ಚಿತ್ರದ ಪಕ್ಕದಲ್ಲಿತ್ತು. ಎರಡನೆಯದು ಕಪಾಟಿನಲ್ಲಿ, ಯಾರೂ ಓದಿರಲಿಲ್ಲ. ಆಶಾಲತಾ ಗಟ್ಟಿಯಾಗಿ ಓದಿದರು. ಆಟದಲ್ಲಿ ಪೆಟ್ಟಾದರೆ ಏಳು ದಿನದೊಳಗೆ ಬರೆದು ತಿಳಿಸಬೇಕು. ತಿಳಿಸಿದರೆ ಚಿಕಿತ್ಸೆ ಕಾಲೇಜಿನದು, ಸ್ಕಾಲರ್‌ಶಿಪ್ ರದ್ದಾಗುವುದಿಲ್ಲ. ಲವಿಟಾ ಬಿದ್ದು ಅಂದಿಗೆ ಆರನೇ ದಿನ.

"ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಕಾನೂನೇ ಉಂಟು," ಎಂದರು ಆಶಾಲತಾ. "ಎಲ್ಲ ಕಡೆ ಇಲ್ಲ. ಇಲ್ಲಿಯ ಹಾಗೆ ಕಾನೂನು ಇಲ್ಲದಲ್ಲಿ ಕಾಲೇಜು ಬರೆದುಕೊಟ್ಟ ಮಾತೇ ನಮಗೆ ಆಧಾರ. ಬಾಯಿದ್ದವ ಬರಗಾಲದಲ್ಲೂ ಬದುಕಿದನಂತೆ. ಯಲ್ಲಾ, ಏಳಿ, ಈಗಲೇ ಬರೆಯಿರಿ!"

ಮರುದಿನ ಅರ್ಜಿ ಕೊಟ್ಟರು. ಕೋಚ್ ಬೈಯಲಿಲ್ಲ, ತಾನೇ ಸ್ಕ್ಯಾನಿಂಗಿಗೆ ಕರೆದೊಯ್ದ. ಮೊಣಕಾಲಿನ ಲಿಗಮೆಂಟ್ ಅರ್ಧ ಹರಿದಿತ್ತು. ಶುಕ್ರವಾರ ಆಡಿದ್ದರೆ ಅದೇ ಕೊನೆಯ ಆಟವಾಗುತ್ತಿತ್ತು ಎಂದರು ಡಾಕ್ಟರು. ಮೂರು ತಿಂಗಳು ವಿಶ್ರಾಂತಿ. ಸ್ಕಾಲರ್‌ಶಿಪ್ಪಿಗೆ ಏನೂ ಆಗಲಿಲ್ಲ.

ಬರ್ನಾರ್ಡ್ ಆಶಾಲತಾರ ಬಾಗಿಲಲ್ಲಿ ಕೈಮುಗಿದು ನಿಂತರು. ಕಣ್ಣು ತುಂಬಿತ್ತು.

"ನನ್ನ ಕೈಯಾರೆ ಮಗಳ ಕಾಲು ಹಾಳು ಮಾಡ್ತಿದ್ದೆ, ಸಿಸ್ಟರ್. ನೀವು ಉಳಿಸಿದಿರಿ. ಈ ಉಪಕಾರ ಸಾಯುವವರೆಗೂ ಮರೆಯೋದಿಲ್ಲ."

ಬಂಧುಗಳೇ, ಆಟ ಆಡುತ್ತಾ ಓದುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಕಾಲೇಜು ಕೊಟ್ಟ ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ. ಪೆಟ್ಟಾದರೆ ಅಂದೇ ಬರೆದು ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಇಂಥ ರಕ್ಷಣೆ ಎಲ್ಲ ಕಡೆಯೂ ಕಾನೂನಾಗಲಿ ಎಂದು ದನಿಗೂಡಿಸಿ. ಅದಕ್ಕೂ ಮೊದಲು, ಇವತ್ತೇ, ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ: "ಎಲ್ಲಾದರೂ ನೋಯ್ತದಾ ಮಗಾ?" ನಿಜವಾದ ಉತ್ತರ ಬರುವವರೆಗೆ ಎದ್ದು ಹೋಗಬೇಡಿ.