ಹೆಸರು ಒಂದೇ, ಉಸಿರು ಬೇರೆ

ನಾನು ಒಂದು ಫೋಲ್ಡರ್. ಮೈಸೂರಿನ ಒಂದು ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನೊಳಗೆ ಹುಟ್ಟಿದೆ. ಒಲೆಯ ಮೇಲೆ ಹಾಲಿಟ್ಟು ಬಂದ ದಾಕ್ಷಾಯಿಣಿ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ನನಗೆ 'ಲಿಖಿ ಪದಗಳು' ಎಂದು ಹೆಸರಿಟ್ಟಳು. ಅಷ್ಟರಲ್ಲಿ ಹಾಲು ಉಕ್ಕಿತು.

ಲಿಖಿತಾ ಅವಳ ಮಗಳು. ಆಗ ಮೂರು ವರ್ಷ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಮಾತೂ ಬಂದಿರಲಿಲ್ಲ. ಕಿವಿಗೆ ಯಂತ್ರ ಹಾಕಿಸಿ, ಮಾತು ಕಲಿಸುವ ಶಾಲೆಗೆ ಸೇರಿಸಲೆಂದೇ ತಾಯಿ ಚಾಮರಾಜನಗರದ ಕಡೆಯಿಂದ ಬಂದು ಇಲ್ಲಿ ಮನೆ ಹಿಡಿದಿದ್ದಳು. ಆ ಶಾಲೆಯಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಪಾಠ ಕಲಿಯಬೇಕು. ಟೀಚರ್ ನಲವತ್ತೆರಡು ಪದಗಳ ಪಟ್ಟಿ ಕೊಟ್ಟಿದ್ದರು.

"ಈಗೊಂದು ಸಲ ರೆಕಾರ್ಡ್ ಮಾಡಿ, ಎರಡು ವರ್ಷ ಬಿಟ್ಟು ಇನ್ನೊಂದು ಸಲ. ಫೈಲಿಗೆ ಆ ಪದದ ಹೆಸರೇ ಇಡಿ. ಒಂದಕ್ಷರಾನೂ ಬದಲಾಯಿಸ್ಬೇಡಿ, ಹೋಲಿಸಿ ನೋಡೋಕೆ ಬೇಕು" ಎಂದಿದ್ದರು.

ಹಾಗೆ ಒಂದೊಂದೇ ಫೈಲು ನನ್ನ ಮಡಿಲಿಗೆ ಬಂತು. ಅಮ್ಮ, ನೀರು, ಬುಟ್ಟಿ, ಬಾಗಿಲು. ಹೆಸರಷ್ಟೇ ಹಾಗೆ, ಒಳಗೆ ಮಗುವಿನ ಮಾತಿರಲಿಲ್ಲ. 'ನೀರು' ತೆರೆದರೆ ಲೋಟಕ್ಕೆ ನೀರು ಸುರಿಯುವ ಸದ್ದು, "ನೀರು ಕಂದಾ, ನೀರು" ಎನ್ನುವ ತಾಯಿಯ ದನಿ, ಬಹಳ ಹೊತ್ತು ಮೌನ, ಕೊನೆಗೆ ಒಂದು ಪುಟ್ಟ ಉಸಿರು. 'ಬುಟ್ಟಿ'ಯಲ್ಲಿ ಬುಟ್ಟಿ ಬೋರಲು ಬೀಳುತ್ತದೆ, ಮಗು ಅಳುತ್ತದೆ. 'ಅಮ್ಮ'ದಲ್ಲಿ ತಾಯಿ ಹನ್ನೊಂದು ಸಲ ಆ ಪದ ಹೇಳುತ್ತಾಳೆ. ಹನ್ನೆರಡನೆಯ ಸಲ ಅವಳ ದನಿಯೇ ಹೊರಡುವುದಿಲ್ಲ.

ಇಷ್ಟೆಲ್ಲ ನನ್ನೊಳಗಿದ್ದರೂ ನಾನಾಗಿ ಒಂದು ಸದ್ದನ್ನೂ ಹೊರಡಿಸಲಾರೆ. ನನ್ನನ್ನು ಹೊರಗಿನಿಂದಲೇ ತೆರೆಯಬೇಕು. ಒಳಗೆ ಚಿಲಕವಿಲ್ಲ.

ಎರಡು ವರ್ಷದ ಮೇಲೆ ನನ್ನ ಪಕ್ಕದಲ್ಲೇ 'ಲಿಖಿ ಪದಗಳು 2' ಹುಟ್ಟಿತು. ಅದೇ ನಲವತ್ತೆರಡು ಹೆಸರು. ಆದರೆ ಅದರೊಳಗೆ ಮಗು ನಿಜವಾಗಿ ಮಾತಾಡುತ್ತಿತ್ತು.

ದಾಕ್ಷಾಯಿಣಿಯ ಗಂಡ ಗುರುಸ್ವಾಮಿ ಊರಿನಲ್ಲಿ ಗ್ಯಾರೇಜು ಇಟ್ಟಿದ್ದ. ಶನಿವಾರ ಬಸ್ಸಿಗೆ ಬರುತ್ತಿದ್ದ. ಡಬ್ಬಿಯಲ್ಲಿ ಒಂದೇ ಅಳತೆಯ ಎರಡು ಸ್ಪ್ಯಾನರ್ ಕಂಡರೆ ಒಂದನ್ನು ಆಚೆ ಎಸೆಯುವಷ್ಟು ಅಚ್ಚುಕಟ್ಟಿನ ಮನುಷ್ಯ. ಒಂದು ಶನಿವಾರ ಕಂಪ್ಯೂಟರಿನಲ್ಲಿ ಜಾಗವಿಲ್ಲ, ಶಾಲೆಯವರು ಕೊಟ್ಟ ಪಾಠದ ವಿಡಿಯೊ ಹಿಡಿಯುತ್ತಿಲ್ಲ ಎಂದು ಹೆಂಡತಿ ಹೇಳಿದಳು. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪರದೆಯ ಎಡಕ್ಕೆ ನನ್ನನ್ನೂ ಬಲಕ್ಕೆ ನನ್ನ ತಂಗಿಯನ್ನೂ ತೆರೆದು, ಹೆಸರಿನ ಪ್ರಕಾರ ಹೋಲಿಸುವಂತೆ ಒತ್ತಿದ. ಯಂತ್ರ ಕ್ಷಣದಲ್ಲಿ ಉತ್ತರ ಹೇಳಿತು: ನಲವತ್ತೆರಡೂ ಒಂದೇ. ಗಾತ್ರವನ್ನೂ ನೋಡು ಎಂಬ ಪುಟ್ಟ ಚೌಕ ಅಲ್ಲೇ ಇತ್ತು. ಅದನ್ನು ಅವನು ಮುಟ್ಟಲಿಲ್ಲ.

"ಏ ದಾಕ್ಷಾ, ಎಲ್ಡೆಲ್ಡ್ ಮಡಗಿದ್ದಿಯಲ್ಲ. ನಿನ್ ಮಸಾಲೆ ಡಬ್ಬಿ ಥರಾನೇ ಮಾಡಿದ್ದಿಯ ಇದ್ನೂವೆ."

"ನಿಮ್ ಗ್ಯಾರೇಜಲ್ಲ ಅದು, ನೋಡ್ಕಂಡು ಮುಟ್ಟಿ" ಎಂದಳು ಅವಳು, ರೊಟ್ಟಿ ತಟ್ಟುತ್ತ.

"ಹಳೇದು ಹೋಗ್ಲಿ" ಎಂದು ತನ್ನಷ್ಟಕ್ಕೇ ಅಂದುಕೊಂಡು ಅವನು ನನ್ನನ್ನು ಅಳಿಸಿದ.

ನಾನು ಪರದೆಯ ಮೂಲೆಯ ಕಸದ ಬುಟ್ಟಿಯಲ್ಲಿ ಬಿದ್ದೆ. ಮೂವತ್ತು ದಿನ ಕಳೆದರೆ ಬುಟ್ಟಿ ತಾನೇ ಖಾಲಿಯಾಗುವಂತೆ ಹೊಂದಿಸಲಾಗಿತ್ತು. ಅರ್ಧ ಇಳಿದ ಒಂದು ಹಾಡು, ಯಾರದೋ ಮಸುಕು ಫೋಟೊ, ನಾನು. ನನ್ನ ನಲವತ್ತೆರಡು ಮಕ್ಕಳನ್ನು ಅವುಚಿಕೊಂಡು ದಿನ ಎಣಿಸಿದೆ. ಅವಕ್ಕೂ ಮಾತು ಬರುತ್ತಿರಲಿಲ್ಲ, ನನಗೂ.

ಇಪ್ಪತ್ತೇಳನೆಯ ದಿನ ಜಯಶೀಲ ಬಂದಳು. ಹುಣಸೂರಿನ ಕಡೆಯವಳು, ಆರು ತಿಂಗಳ ಹಿಂದೆ ಮಗಳನ್ನು ಅದೇ ಶಾಲೆಗೆ ಸೇರಿಸಿದ್ದವಳು. ಬ್ಯಾಗು ಕಟ್ಟಿಯಾಗಿತ್ತು.

"ಒಂದ್ ಪದಾನೂ ಬರ್ಲಿಲ್ಲ ಅಕ್ಕ. ಗೋಡೆಗೆ ಹೇಳ್ದಂಗಾಯ್ತು. ಬೆಳಿಗ್ಗೆ ಬಸ್ಸಿಗೆ ಊರಿಗೆ ಹೊರಟ್ಬಿಡ್ತೀನಿ, ಹೇಳ್ಹೋಗೋಣ ಅಂತ ಬಂದೆ."

ದಾಕ್ಷಾಯಿಣಿ ಅವಳನ್ನು ಕೂರಿಸಿ, ನನ್ನ ತಂಗಿಯಿಂದ 'ನೀರು' ಹಾಕಿದಳು. ಸ್ಪಷ್ಟವಾದ, ಮುದ್ದಾದ ಮಾತು. ಜಯಶೀಲಳ ಮುಖ ಇನ್ನೂ ಬಾಡಿತು.

"ನಿಮ್ಮವಳು ಜಾಣೆ ಬಿಡಿ. ನಂದು ಹಂಗಲ್ಲ."

"ತಡಿ, ಹಳೇದು ಕೇಳು ನೀನು." ದಾಕ್ಷಾಯಿಣಿ ಹುಡುಕಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಅವಳು ಹುಡುಕುತ್ತಿದ್ದ ಅಷ್ಟು ಹೊತ್ತೂ ನಾನು ಅದೇ ಪರದೆಯ ಮೂಲೆಯಲ್ಲಿದ್ದೆ.

ಲಿಖಿ ಬಂದು ತಾಯಿಯ ಸೆರಗು ಜಗ್ಗಿ, ಪರದೆಯ ಮೂಲೆಗೆ ಬೆರಳು ತೋರಿಸಿದಳು.

"ಅಪ್ಪ... ಬುಟ್ಟಿ."

ಕಿವಿ ಮಂದವಿದ್ದ ಆ ಮಗುವಿನ ಕಣ್ಣು ಏನನ್ನೂ ಬಿಡುತ್ತಿರಲಿಲ್ಲ.

ನನ್ನನ್ನು ಮರಳಿ ತಂದು 'ಅಮ್ಮ' ಹಾಕಿದರು. ಜಯಶೀಲ ಹನ್ನೊಂದೂ ಸಲ ಕೇಳಿದಳು. ಆ ಹನ್ನೆರಡನೆಯ ಮೌನವನ್ನೂ ಕೇಳಿದಳು.

"ಇದು ನಮ್ಮನೇದೇ ಅಕ್ಕ" ಎಂದಳು ಮೆಲ್ಲಗೆ. ಆಮೇಲೆ, "ಆ ಪದದ ಪಟ್ಟಿ ಬ್ಯಾಗಿನ ತಳಕ್ಕೆ ಹಾಕ್ಬಿಟ್ಟಿದೀನಿ. ಎಲ್ಲಾ ಬಿಚ್ಬೇಕು ಈಗ."

ಮುಂದಿನ ಶನಿವಾರ ಗುರುಸ್ವಾಮಿ ನನ್ನ ಹೆಸರಿಗೆ 'ಮೊದಲ ಸಲ' ಎಂದು ಸೇರಿಸಿದ. "ಸ್ಪ್ಯಾನರಾದ್ರೆ ಸೈಜ್ ನೋಡೇ ಎತ್ಕತೀನಿ" ಎಂದಷ್ಟೇ ಗೊಣಗಿದ.

ಈಗ ನನಗೆ ವಯಸ್ಸಾಗಿದೆ. ಕಂಪ್ಯೂಟರು ಗುಜರಿಗೆ ಹೋಯಿತು. ಅದರ ಡಿಸ್ಕನ್ನು ಮಾತ್ರ ಬಿಚ್ಚಿ, ಹಳೆಯ ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ಪಕ್ಕದಲ್ಲಿ ಲಿಖಿಯ ಮೊದಲ ಕಿವಿಯಂತ್ರವಿದೆ. ಅವಳು ಕಾಲೇಜಿಗೆ ಹೋಗುತ್ತಾಳಂತೆ, ಮಾತಿಗೆ ಬಿಡುವಿಲ್ಲವಂತೆ. ನನ್ನನ್ನು ಯಾರೂ ತೆರೆದಿಲ್ಲ, ವರ್ಷಗಳಾದವು. ಕತ್ತಲು, ನುಸಿಗುಳಿಗೆಯ ವಾಸನೆ, ಮಡಿಸಿದ ಸೀರೆಗಳು.

ನನ್ನಲ್ಲಿ 'ಬಾಗಿಲು' ಎಂಬ ಫೈಲಿದೆ. ಅದರಲ್ಲಿ ತಾಯಿ ಮಗುವಿನ ಕೈ ಹಿಡಿದು ಬಾಗಿಲನ್ನು ಮೂರು ಸಲ ಬಡಿಯುತ್ತಾಳೆ, ಆಮೇಲೆ ಕಾಯುತ್ತಾಳೆ. ನಾನೂ ಕಾಯುತ್ತಿದ್ದೇನೆ.