ಲೀಲಾ ಬರೆದಿಟ್ಟ ಹೆಸರುಗಳು

ಉಮಾಕಾಂತನ ಹಳೆಯ ಫೋನಿನ ಗಾಜು ಒಡೆದು ಎರಡು ವರ್ಷವಾಗಿತ್ತು. ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತಿತ್ತು. ನಾಗಪುರದ ಅರ್ಧ ಊರಿನ ಇನ್ವರ್ಟರ್‌ಗಳನ್ನು ರಿಪೇರಿ ಮಾಡುವವನ ಜೇಬಿನಲ್ಲೇ ಇಂಥದ್ದೊಂದು ಇರುವುದು ಕಂಪನಿಯವರಿಗೆ ನಗೆಪಾಟಲಾಗಿ ಕಂಡಿತೋ ಏನೋ, ಶನಿವಾರ ಹೊಸದನ್ನು ಕೈಗಿಟ್ಟರು. ಇನ್ನು ಮುಂದೆ ಗ್ರಾಹಕರ ದೂರು, ಫೋಟೊ, ಸಹಿ ಎಲ್ಲ ಅದರಲ್ಲೇ. ಕಂಪನಿಯದೇ ಆದ ಹಳೆಯ ಫೋನನ್ನು ಖಾಲಿ ಮಾಡಿ ಸೋಮವಾರ ಒಪ್ಪಿಸಬೇಕು.

ಖಾಲಿ ಮಾಡುವ ಕೆಲಸ ಮಗಳು ಧನುಶ್ರೀಯ ಪಾಲಿಗೆ ಬಂತು. ಬಿ.ಕಾಂ. ಎರಡನೇ ವರ್ಷದ ಹುಡುಗಿ, ಇಂಥದ್ದರಲ್ಲಿ ಚುರುಕು. ಭಾನುವಾರ ಊಟವಾದ ಮೇಲೆ ಎರಡೂ ಫೋನು ಹಿಡಿದು ಕೂತವಳು ಚಹಾದ ಹೊತ್ತಿಗೆ ಎದ್ದಳು.

"ಪಪ್ಪಾ, ಎಲ್ಲಾ ಬರೋಬರ್ ಆತು. ಅವ್ವನ ಫೋಟೊ ಒಂದೂ ಬಿಡದ ಹೊಸಾದಕ್ಕ ಹಾಕೀನಿ. ಆದ್ರ ನಂಬರಿನ್ಯಾಗ ಭಾಳ ಕಚರಾ ಇತ್ತು, ಸಾಫ್ ಮಾಡೀನಿ. ಕಂಪನಿ ಲಿಸ್ಟಿನ್ಯಾಗ ಎಲ್ಲಾ ಗಿರಾಕಿಗಳ ಹೆಸರು, ಪತ್ತಾ ಐತಿ."

"ಯಾವ ಕಚರಾ?"

"ಕನ್ನಡದಾಗ ಏನೇನೋ ಉದ್ದುದ್ದ ಬರದಿತ್ತಲ್ಲ, ಅದ. ಜುನಾ ಫೋನ್ ಪೂರಾ ಖಾಲಿ ಮಾಡಿ ಡಬ್ಬಿಯೊಳಗ ಇಟ್ಟೀನಿ."

ಉಮಾಕಾಂತ ಚಹಾದ ಕಪ್ಪನ್ನು ಕೆಳಗಿಟ್ಟ.

ಅವು ಹೆಂಡತಿ ಲೀಲಾ ಬರೆದ ಹೆಸರುಗಳು. ಮದುವೆಯಾಗಿ ಗದಗಿನಿಂದ ಇಲ್ಲಿಗೆ ಬಂದವಳಿಗೆ ಮರಾಠಿ ಬಾಯಿಗೆ ಬಂತು, ಕೈಗೆ ಬರಲಿಲ್ಲ. ದಿನಾ ಸಂಜೆ ಇವನು ಕೈಕಾಲು ತೊಳೆದು ಬಂದು, ಆ ದಿನ ಹೋದ ಮನೆಗಳ ಕತೆ ಹೇಳುವನು. ಅವಳು ಕನ್ನಡಕ ಏರಿಸಿ ಒಂದೊಂದು ನಂಬರಿಗೂ ಊರು ಓಣಿ ಸೇರಿಸಿ ತನಗೆ ತೋಚಿದ ಹೆಸರಿಡುವಳು. ‘ಕಾಮಠಿ ಸಾಹೇಬ್ರು, ನೀರೂ ಕೇಳಂಗಿಲ್ಲ.’ ‘ಕೋರಾಡಿ, ನಾಯಿ ಕಟ್ಟಂತ ಮೊದಲ ಹೇಳ್ರಿ.’ ‘ಮಹಾಲ್ ಅಜ್ಜ, ಒಬ್ರ ಇರ್ತಾರ, ಚಹಾ ಒಲ್ಲೆ ಅನಬ್ಯಾಡ್ರಿ.’ ಬಾಗಿಲಲ್ಲಿ ನಿಂತ ಗಿರಾಕಿ ಫೋನಿನಲ್ಲಿ ಇಣುಕಿದರೂ ಚಿಂತೆಯಿರಲಿಲ್ಲ, ಆ ಅಕ್ಷರ ಓದುವವರು ಆ ಓಣಿಗಳಲ್ಲಿ ಯಾರಿದ್ದಾರೆ! ಎಲ್ಲರೂ ಉಮಾಕಾಂತನ ನಯವಿನಯ ಹೊಗಳುತ್ತಿದ್ದರು. ಅದರಲ್ಲಿ ಮುಕ್ಕಾಲು ಪಾಲು ಲೀಲಾಳದು.

ತನ್ನ ನಂಬರಿಗೂ ಅವಳೇ ಹೆಸರಿಟ್ಟಿದ್ದಳು: ‘ಊಟ ಆತೇನ್ರಿ’. ಮಧ್ಯಾಹ್ನ ಒಂದೂವರೆಗೆ ಫೋನು ಬಡಿದುಕೊಂಡರೆ ಪರದೆಯ ಮೇಲೆ ಆ ಪ್ರಶ್ನೆಯೇ ಬರುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ ಇವನು "ಆತು" ಎಂದು ಸುಳ್ಳು ಬಿಡುವನು. "ಹಂಗಾರ ಊಟದ ಡಬ್ಬಿಯೊಳಗ ಏನಿತ್ತು ಹೇಳ್ರಿ?" ಎಂದು ಅವಳು ಹಿಡಿದುಬಿಡುವಳು. ಮುಚ್ಚಳವನ್ನೇ ತೆಗೆಯದವನು ಏನು ಹೇಳಿಯಾನು?

ಅವಳು ತೀರಿಕೊಂಡು ಹದಿನಾಲ್ಕು ತಿಂಗಳು. ಆ ನಂಬರು ಎಂದೋ ಬಂದ್ ಆಗಿತ್ತು. ಹೆಸರು ಮಾತ್ರ ಫೋನಿನಲ್ಲಿ ಹಾಗೇ ಉಳಿದಿತ್ತು. ದಿನಕ್ಕೊಮ್ಮೆಯಾದರೂ ಇವನು ಅದನ್ನು ತೆಗೆದು ನೋಡುತ್ತಿದ್ದ.

ಎಲ್ಲವನ್ನೂ ಮಗಳಿಗೆ ಹೇಳಿದ. ಧನುಶ್ರೀ ಡಬ್ಬಿ ತೆರೆದು, ಹಳೆಯ ಫೋನನ್ನು ಹಚ್ಚಿ, ತಿರುಗಿಸಿ, ಏನೇನೋ ಮಾಡಿದಳು. ಅದರಲ್ಲಿ ಏನೂ ಇರಲಿಲ್ಲ.

"ನನಗ ಓದಾಕ ಬರಲಿಲ್ಲ ಪಪ್ಪಾ" ಎಂದು ಬಿಕ್ಕಿದಳು. "ನೀವು ಬರಕೊಂಡ ಗಿರಾಕಿಗಳ ದೂರು ಅಂದಕೊಂಡೆ. ಅವ್ವ ಬರದಿದ್ದು ಅಂತ ಗೊತ್ತಾಗಿದ್ರ ಮುಟ್ಟತಿದ್ನೇನು?"

ಅವಳನ್ನು ಬೈಯಲು ಉಮಾಕಾಂತನಿಗೆ ಯಾವ ಬಾಯಿ? ಮಗಳಿಗೆ ಆರು ವರ್ಷವಿದ್ದಾಗ ಲೀಲಾ ಪಾಟಿ ಬಳಪ ಹಿಡಿದು ಅ ಆ ಇ ಈ ತಿದ್ದಿಸಲು ಕೂತಿದ್ದಳು. "ಇಲ್ಲಿ ಅದನ್ನ ಕಟಗೊಂಡು ಏನ್ ಮಾಡೂದೈತಿ, ಸಾಲಿ ಅಭ್ಯಾಸ ಮಾಡ್ಲಿ ಬಿಡು" ಎಂದು ಎಬ್ಬಿಸಿದವನು ಇವನೇ. ಪಾಟಿ ಅಟ್ಟ ಸೇರಿತು. ಆ ಮಾತು ಇಷ್ಟು ವರ್ಷ ಬಿಟ್ಟು ಹೀಗೆ ತಿರುಗಿ ಬರುತ್ತದೆಂದು ಯಾರು ಬಲ್ಲರು?

"ಅವ್ವನ ನಂಬರ್ ಆದ್ರೂ ಹೇಳ್ರಿ, ಹಾಕಿ ಕೊಡ್ತೀನಿ" ಎಂದಳು ಮಗಳು, ಕಣ್ಣೊರೆಸಿಕೊಂಡು.

ಉಮಾಕಾಂತ ಬಾಯಿ ತೆರೆದ. ನೆನಪಾಗಲಿಲ್ಲ. ತನ್ನೊಂದಿಗೆ ಇಪ್ಪತ್ತೆರಡು ವರ್ಷ ಬಾಳಿದವಳ ನಂಬರನ್ನು ಅವನು ಒಂದು ಸಲವೂ ಅಂಕಿ ಒತ್ತಿ ಹಚ್ಚಿರಲಿಲ್ಲ, ಹೆಸರನ್ನಷ್ಟೇ ಒತ್ತಿದ್ದ. ಮಗಳೂ ಈಚೆಗೆ ಫೋನು ಬದಲಿಸಿದ್ದಳು, ಅವಳಿಗೂ ನಡುವಿನ ನಾಲ್ಕು ಅಂಕಿ ಹೊಳೆಯಲಿಲ್ಲ. ಕುಡಿಯದೆ ಇಟ್ಟ ಚಹಾ ಆರಿಹೋಯಿತು.

ಸೋಮವಾರ ಹಳೆಯ ಫೋನನ್ನು ಒಪ್ಪಿಸಿ ಮೊದಲ ದೂರಿಗೆ ಮಹಾಲ್‌ಗೆ ಹೋದ. ಹೊಸ ಫೋನು ಗ್ರಾಹಕನ ಸಂಖ್ಯೆ, ಬ್ಯಾಟರಿ ಕೊಂಡ ದಿನ, ಮನೆಗೆ ಹೋಗುವ ದಾರಿ ಎಲ್ಲವನ್ನೂ ಜಾಣನ ಹಾಗೆ ತೋರಿಸಿತು. ಬಾಗಿಲು ತೆರೆದದ್ದು ಅದೇ ಅಜ್ಜ. ಚಹಾ ಕೇಳಿದರು. ಉಮಾಕಾಂತ ಒಲ್ಲೆ ಅನ್ನಲಿಲ್ಲ. ಕಪ್ಪು ಖಾಲಿ ಮಾಡಿಯೇ ಎದ್ದ.

ಮುಂದಿನ ಮನೆಯ ಮೆಟ್ಟಿಲಲ್ಲಿ ಬ್ಯಾಟರಿಗೆ ನೀರು ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು. ಒಂದೂವರೆ. ಪರದೆಯ ಮೇಲೆ ಕನ್ನಡದಲ್ಲಿ ಬರೆದಿತ್ತು: ‘ಊಟ ಆತೇನ್ರಿ’.

ನೀರಿನ ಕ್ಯಾನು ಕೆಳಗಿಟ್ಟ. ಎತ್ತಿದ.

"ಪಪ್ಪಾ, ನಾನು" ಎಂದಳು ಧನುಶ್ರೀ. "ಮುಂಜಾನೆ ನೀವು ಜಳಕಕ್ಕ ಹೋದಾಗ ನನ್ನ ನಂಬರಿಗೆ ಅದ ಹೆಸರು ಇಟ್ಟೀನಿ. ಒಂದೊಂದ ಅಕ್ಷರ ಹುಡುಕಿ ಬರದೆ. ಬರೋಬರ್ ಐತೇನು?"

"ಬರೋಬರ್ ಐತಿ, ಅವ್ವಿ."

"ಊಟ ಆತು?"

ಊಟದ ಡಬ್ಬಿ ಗಾಡಿಗೆ ತೂಗುಹಾಕಿದ ಚೀಲದಲ್ಲೇ ಇತ್ತು.

"ಆತು" ಎಂದ ಉಮಾಕಾಂತ, ಮತ್ತು ಮುಂದಿನ ಪ್ರಶ್ನೆಗೆ ಕಾದ.

"ಚಲೋ ಆತು ಪಪ್ಪಾ. ಇಡ್ತೀನಿ, ಕ್ಲಾಸ್ ಐತಿ" ಎಂದು ಮಗಳು ಫೋನಿಟ್ಟಳು. ಪಾಪ, ಅವಳು ನಂಬಿಬಿಟ್ಟಿದ್ದಳು.